ಮೀನಿಗೆ ಊಟ ಆಯ್ತಾ?

ನಮ್ಮಲ್ಲಿ ಇಬ್ಬರು ಎದುರಾದರೆ ಮೊದಲು ವಿಚಾರಿಸುವುದು ಹೊಟ್ಟೆಯನ್ನು. ಬೆಳಿಗ್ಗೆ ಸಿಕ್ಕರೆ ತಿಂಡಿ ಆಯ್ತಾ, ಹನ್ನೊಂದಕ್ಕೆ ಸಿಕ್ಕರೆ ಕಾಫಿ ಆಯ್ತಾ, ಆಮೇಲೆ ಮಲಗುವವರೆಗೂ ಊಟ ಆಯ್ತಾ. ಆಯ್ತು ಎಂದರೂ ಬಿಡುವವರಿಲ್ಲ. ಪಂಕ್ತಿಯಲ್ಲಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು 'ಸಾಕು, ಸಾಕು' ಎಂದು ಗೋಗರೆಯುವವನ ಬೆರಳಸಂದಿಯಲ್ಲೇ ಹೋಳಿಗೆ ಜಾರಿಸುವವರಿದ್ದಾರೆ. ಅಂಥವರನ್ನು ನಾವು 'ಬಡಿಸಿದರೆ ಅವರು ಬಡಿಸಬೇಕು' ಎಂದು ಹೊಗಳುತ್ತೇವೆ. ಇದಕ್ಕೆ ಉಪಚಾರ ಎಂದು ಹೆಸರು. ಉಪಚಾರದಿಂದ ಮನುಷ್ಯ ಸತ್ತದ್ದನ್ನು ನಾನು ಕಂಡಿಲ್ಲ. ಹೆಚ್ಚೆಂದರೆ ಚಾಪೆ ಹುಡುಕಿಕೊಂಡು ಹೋಗುತ್ತಾನೆ. ಆದರೆ ಮೀನು ಸತ್ತದ್ದನ್ನು ಕಂಡಿದ್ದೇನೆ. ನಮ್ಮ ಮನೆಯ ಹಾಲಿನಲ್ಲೇ, ನಮ್ಮ ಕೈಯಿಂದಲೇ.

ಇದರಲ್ಲಿ ಅಮ್ಮನ ಪಾಲೂ ಇದೆ, ತುಂಗೆಯ ಪಾಲೂ ಇದೆ. ಅಮ್ಮನ ತವರು ಶೃಂಗೇರಿ ಸೀಮೆ. ಶಾರದೆಗೆ ಕೈಮುಗಿದು ಹೊಳೆಯ ಮೆಟ್ಟಿಲಿಳಿದರೆ ಅಲ್ಲಿ ಮೊಳದುದ್ದದ ಮೀನುಗಳು ಒಂದರ ಬೆನ್ನ ಮೇಲೊಂದು ಹತ್ತಿಕೊಂಡು ಬಾಯಿ ತೆರೆದು ನಿಂತಿರುತ್ತವೆ. ಅವನ್ನು ಯಾರೂ ಹಿಡಿಯುವಂತಿಲ್ಲ. ಒಂದು ಹಿಡಿ ಮಂಡಕ್ಕಿ ಎರಚಿದರೆ ನೀರೇ ಕುದ್ದಂತಾಗುತ್ತದೆ. ಅಮ್ಮನಿಗೆ ಮೀನೆಂದರೆ ಅದು. ಮೀನನ್ನು ಕಂಡರೆ ಅವಳ ಕೈ ತಾನಾಗಿ ಸೆರಗಿನ ಗಂಟಿಗೆ ಹೋಗುತ್ತದೆ. ನನಗೂ ಅದೇ ಸಂಸ್ಕಾರ. ತುಂಗೆ ಹರಿಯುತ್ತಾಳೆ, ತಿಂದು ಮಿಕ್ಕದ್ದನ್ನೆಲ್ಲ ಹೊತ್ತುಕೊಂಡು ಹೋಗುತ್ತಾಳೆ ಎಂಬುದನ್ನು ಮಾತ್ರ ನಾವಿಬ್ಬರೂ ಯಾವತ್ತೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬೆಂಗಳೂರಿನ ನಮ್ಮ ಮನೆಗೆ ಅಕ್ವೇರಿಯಂ ಬಂದದ್ದು ಮಗಳ ಹಟದಿಂದ. ಸಣ್ಣದು ಬೇಡ, ಹೇಗೂ ತರುವುದಾದರೆ ದೊಡ್ಡದೇ ಇರಲಿ ಎಂದು ಮೂರಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು ತಂದೆವು. ಲೆಕ್ಕ ಹಾಕಿದರೆ 159 ಲೀಟರ್ ಹಿಡಿಯುತ್ತದೆ. ಕಲ್ಲು, ಮಣ್ಣು, ಮೇಲೆ ಬಿಡುವ ಜಾಗ ಕಳೆದರೂ 130ಕ್ಕೆ ಕಮ್ಮಿಯಿಲ್ಲ. ನೀರು, ಗಾಜು, ಮರಳು ಎಲ್ಲ ಸೇರಿ ನಾಲ್ಕು ಮೂಟೆ ಸಿಮೆಂಟಿನ ಭಾರ. ಒಮ್ಮೆ ತುಂಬಿಸಿದರೆ ಇದನ್ನು ಅಲುಗಿಸುವುದು ಸಾಧ್ಯವಿಲ್ಲ, ಆದ್ದರಿಂದ ಎಲ್ಲಿಡಬೇಕೆಂದು ಮೊದಲೇ ಯೋಚಿಸಬೇಕು ಎಂದು ಅಂಗಡಿಯವನು ಹೇಳಿದ. ಯೋಚಿಸಲು ನಮಗೆ ಬಿಡುವೇ ಸಿಗಲಿಲ್ಲ, ಏಕೆಂದರೆ ನೆಂಟರೊಬ್ಬರು ಆಗಲೇ ವಾಸ್ತು ನೋಡಿಬಿಟ್ಟಿದ್ದರು. ಈಶಾನ್ಯದಲ್ಲಿ ನೀರಿದ್ದರೆ ಮನೆಗೆ ಶ್ರೇಯಸ್ಸಂತೆ. ನಮ್ಮ ಈಶಾನ್ಯದಲ್ಲಿ ಒಂದು ಕಿಟಕಿಯೂ ಇತ್ತು. ಬೆಳಗಿನ ಬಿಸಿಲು ನೇರ ಟ್ಯಾಂಕಿಗೆ ಬೀಳುತ್ತಿತ್ತು. ಶ್ರೇಯಸ್ಸು ಬಂತೋ ಇಲ್ಲವೋ, ಹತ್ತು ದಿನದಲ್ಲಿ ಪಾಚಿ ಬಂತು.

ಆದರೆ ಪಾಚಿ ನೋಡಲು ಮೀನುಗಳೇ ಉಳಿದಿರಲಿಲ್ಲ. ಶನಿವಾರ ಟ್ಯಾಂಕು ತುಂಬಿಸಿದೆವು, ಭಾನುವಾರ ಮೀನು ಬಿಟ್ಟೆವು. ನಾಲ್ಕು ಗೋಲ್ಡ್ ಫಿಶ್, ಜೊತೆಗೆ ಎರಡು 'ಶಾರ್ಕ್'. ಈ ಶಾರ್ಕು ಹೋಟೆಲಿನಲ್ಲಿ ಬಾಸಾ ಎಂದು ಪ್ಲೇಟಿಗೆ ಬರುವ ಮೀನಿನ ಮರಿ, ಬೆಳೆದರೆ ಒಂದು ಮೀಟರ್ ಮೀರುತ್ತದೆ ಎಂಬುದು ಆಮೇಲೆ ತಿಳಿಯಿತು. ಪ್ಲಾಸ್ಟಿಕ್ ಗಿಡ, ಗುಳ್ಳೆ ಬಿಡುವ ಪ್ಲಾಸ್ಟಿಕ್ ಮುಳುಗುಗಾರ, ನೀಲಿ ಕಲ್ಲು ಎಲ್ಲ ಇದ್ದವು. ದಿನಕ್ಕೆ ಮೂರು ಹೊತ್ತು ಊಟ. ಅಮ್ಮ ಒಮ್ಮೆ, ಮಗಳು ಒಮ್ಮೆ, ರಾತ್ರಿ ಇಬ್ಬರೂ ಮರೆತಿರಬಹುದೆಂದು ನಾನೊಮ್ಮೆ. ಬುಧವಾರ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. 'ಪಾಪ, ಹಸಿದಿದ್ದಾವೆ' ಎಂದು ಇನ್ನಷ್ಟು ಹಾಕಿದೆವು. ಶುಕ್ರವಾರದ ಹೊತ್ತಿಗೆ ಎಲ್ಲ ಮುಗಿದಿತ್ತು. ಮಗಳು ಅಳುತ್ತ ಸಂಪಿಗೆ ಗಿಡದ ಬುಡದಲ್ಲಿ ಆರು ಪುಟ್ಟ ಗುಂಡಿ ತೋಡಿಸಿದಳು. ಅಂಗಡಿಯವನನ್ನು ಕೇಳಿದರೆ 'ಹೊಸ ಟ್ಯಾಂಕಿನಲ್ಲಿ ಹಾಗಾಗ್ತದೆ ಸರ್, ಇನ್ನಾರು ತಗೊಂಡು ಹೋಗಿ' ಎಂದ.

ಹೊಸ ಟ್ಯಾಂಕಿನಲ್ಲಿ ಯಾಕೆ ಹಾಗಾಗುತ್ತದೆ ಎಂದು ನನಗೆ ಬಿಡಿಸಿ ಹೇಳಿದವನು ಆಫೀಸಿನ ಗೆಳೆಯ. ಅವನ ಮನೆಯಲ್ಲಿ ಎಂಟು ವರ್ಷದಿಂದ ಒಂದೇ ಟ್ಯಾಂಕು ನಡೆಯುತ್ತಿದೆ. ಮೀನು ಕಿವಿರಿನ ಮೂಲಕ ಅಮೋನಿಯಾ ಬಿಡುತ್ತದೆ. ಮಿಕ್ಕ ಊಟ ಕೊಳೆತರೂ ಅಮೋನಿಯಾ. ಅದು ಕಿವಿರನ್ನು ಸುಡುತ್ತದೆ. ಮೀನು ಬಾಯಿ ಬಿಟ್ಟದ್ದು ಹಸಿವಿಗಲ್ಲ, ಉಸಿರಿಗೆ. ಪ್ರಕೃತಿಯಲ್ಲಿ ಇದಕ್ಕೊಂದು ಏರ್ಪಾಡಿದೆ. ನೈಟ್ರೋಸೋಮೊನಾಸ್ ಎಂಬ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ನೈಟ್ರೋಸ್ಪೈರಾ ಎಂಬ ಇನ್ನೊಂದು ಬಂದು ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಅಷ್ಟು ಕೆಡುಕಿನದಲ್ಲ, ಗಿಡಗಳಿಗೆ ಗೊಬ್ಬರ. ಈ ಎರಡು ಪಂಗಡಗಳು ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ, ಕಲ್ಲಿನ ಮೈಮೇಲೆ ಮನೆಮಾಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಾವು ಕೊಟ್ಟದ್ದು ಒಂದು ರಾತ್ರಿ.

ಇಷ್ಟನ್ನೂ ನಾನು ರಾತ್ರಿ ಊಟದ ಹೊತ್ತಿಗೆ ದೊಡ್ಡ ವಿಜ್ಞಾನವೆಂಬಂತೆ ವರದಿ ಒಪ್ಪಿಸಿದೆ. ಅಮ್ಮ ಮಜ್ಜಿಗೆ ಕಲಸಿಕೊಳ್ಳುತ್ತ ಕೇಳಿದಳು:

"ಅಲ್ಲ ಮಾರಾಯ, ಹೆಪ್ಪು ಹಾಕದೆ ಹಾಲು ಮೊಸರಾಗ್ತದಾ?"

ನನ್ನ ತುತ್ತು ಅಲ್ಲೇ ನಿಂತಿತು.

"ಅವನ ಮನೇಲಿ ಎಂಟು ವರ್ಷದ ಟ್ಯಾಂಕು ಉಂಟಲ್ಲ? ಒಂಚೂರು ಹೆಪ್ಪು ಇಸ್ಕೊಂಡು ಬಾ. ಅದಕ್ಕೆ ಇಷ್ಟೆಲ್ಲ ಇಂಗ್ಲಿಷು ಎಂತಕ್ಕೆ?"

ಮರುದಿನ ಗೆಳೆಯನಿಗೆ ಹೇಳಿದರೆ ಅವನು ನಗಲಿಲ್ಲ. 'ನಾವು ಮಾಡುವುದೂ ಅದನ್ನೇ' ಎಂದ. ಹಳೆಯ ಫಿಲ್ಟರಿನ ಕಂದು ಬಣ್ಣದ ಸ್ಪಂಜನ್ನು ಅರ್ಧ ಕತ್ತರಿಸಿ, ಅದೇ ಟ್ಯಾಂಕಿನ ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಟ್ಟ. ಹೆಪ್ಪಿನ ನಿಯಮಗಳೆಲ್ಲ ಇದಕ್ಕೂ ಸಲ್ಲುತ್ತವೆ. ಒಣಗಬಾರದು. ಸುಡುವ ಹಾಲಿಗೆ ಹೆಪ್ಪು ಹಾಕಿದರೆ ಹೇಗೆ ಕೆಡುತ್ತದೋ ಹಾಗೆ ಕ್ಲೋರಿನ್ ವಾಸನೆಯ ನಲ್ಲಿ ನೀರಿಗೆ ಹಾಕಿದರೆ ಇದು ಸಾಯುತ್ತದೆ. ಕಾವೇರಿ ನೀರನ್ನು ಒಂದು ದಿನ ತೆರೆದ ಡ್ರಮ್ಮಿನಲ್ಲಿ ಇಟ್ಟು, ಕ್ಲೋರಿನ್ ಹಾರಿಹೋದ ಮೇಲೆ ಬಳಸಬೇಕು. ಚಳಿಗಾಲದಲ್ಲಿ ಮೊಸರು ತಡವಾಗುವಂತೆ ಇದೂ ತಡ. ಆಗಾಗ ಹೋಗಿ ಅಲ್ಲಾಡಿಸಿ 'ಆಯ್ತಾ' ಎಂದು ನೋಡಬಾರದು. ವ್ಯತ್ಯಾಸ ಒಂದೇ. ಹಾಲು ರಾತ್ರಿ ಬೆಳಗಾಗುವುದರಲ್ಲಿ ಹೆಪ್ಪಾಗುತ್ತದೆ. ಈ ಬ್ಯಾಕ್ಟೀರಿಯಾಗಳಿಗೋ ಒಂದು ಎರಡಾಗಲು ಹೆಚ್ಚುಕಮ್ಮಿ ಒಂದು ದಿನವೇ ಬೇಕು.

ಈ ಸಲ ಮೊದಲಿಂದ ಶುರುಮಾಡಿದೆ. ಟ್ಯಾಂಕು ಈಶಾನ್ಯ ಬಿಟ್ಟು ಬಿಸಿಲು ಬೀಳದ ಪಡುಗೋಡೆಗೆ ಬಂತು. ಅಡಿಗೆ ಥರ್ಮಕೋಲ್ ಹಾಸಿದೆವು, ಮಟ್ಟ ಸಾಲದೆ ಗಾಜು ಸೀಳದಿರಲಿ ಎಂದು. ನೀಲಿ ಕಲ್ಲು, ಮುಳುಗುಗಾರ ಎಲ್ಲ ಅಟ್ಟ ಸೇರಿದವು. ಅಮೆರಿಕದ ಡಯಾನಾ ವಾಲ್‌ಸ್ಟಡ್ ಎಂಬಾಕೆ 1999ರಲ್ಲಿ ಗಿಡ ನೆಟ್ಟ ಅಕ್ವೇರಿಯಂ ಬಗ್ಗೆ ಒಂದು ಪುಸ್ತಕ ಬರೆದಿದ್ದಾರೆ. ಅಂಗಡಿಯ ದುಬಾರಿ ಮಣ್ಣು ಬೇಡ, ಮಾಮೂಲಿ ಮಣ್ಣಿನ ಮೇಲೆ ಮರಳು ಮುಚ್ಚಿದರೆ ಗಿಡಗಳು ಬೆಳೆಯುತ್ತವೆ, ಬೆಳೆಯುವ ಗಿಡ ಅಮೋನಿಯಾವನ್ನು ತಾನೇ ಹೀರುತ್ತದೆ ಎಂಬುದು ಅವರ ವಾದ. ಮಾಮೂಲಿ ಮಣ್ಣು ಎಂದೊಡನೆ ನನಗೆ ನೆನಪಾದದ್ದು ಕೆರೆಗೋಡು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿಗಾಡಿ ಗೋಡು ಹೊಡೆದು ಗದ್ದೆಗೆ ಹಾಕುತ್ತಿದ್ದುದನ್ನು ಕಂಡವನು ನಾನು. ಊರಿಂದ ಅರ್ಧ ಚೀಲ ತರಿಸಿ, ಜಾಲಿಸಿ, ಒಂದೂವರೆ ಅಂಗುಲ ಹಾಸಿದೆ. ಮೇಲೆ ಒಂದೂವರೆ ಅಂಗುಲ ಮರಳು. ಮರಳು ತೊಳೆಯುವುದು ಒಂದು ತಪಸ್ಸು. ಅಕ್ಕಿ ತೊಳೆದಂತೆ ಮೂರು ನೀರಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಇಪ್ಪತ್ತು ಬಕೆಟ್ಟಾದರೂ ತಿಳಿಯಾಗಲಿಲ್ಲ. ಹೆಂಡತಿ ಬಂದು ನೋಡಿ, "ರೀ, ನಮ್ಮನೆ ಸಂಪಿನಲ್ಲಿರೋದನ್ನೆಲ್ಲ ಆ ಮರಳಿಗೇ ಸುರೀಬೇಡಿ" ಎಂದು ಹೇಳಿ ಹೋದಳು.

ಗಿಡಗಳ ಸಂತೆಯೇ ಬೇರೆ. ಹಿಂದುಗಡೆಗೆ ರಿಬ್ಬನ್ನಿನಂಥ ವ್ಯಾಲಿಸ್ನೇರಿಯಾ, ಮಧ್ಯಕ್ಕೆ ಕ್ರಿಪ್ಟೊಕೊರೈನ್, ಮರದ ಬೇರಿಗೆ ದಾರ ಕಟ್ಟಿ ಅಂಟಿಸಿದ ಜಾವಾ ಫರ್ನ್ ಮತ್ತು ಅನುಬಿಯಾಸ್. ಈ ಕೊನೆಯ ಎರಡರ ಗೆಡ್ಡೆಯನ್ನು ಮಣ್ಣಿನಲ್ಲಿ ಹೂಳಿದರೆ ಕೊಳೆತುಹೋಗುತ್ತದೆ. ಕ್ರಿಪ್ಟೊಕೊರೈನಿನ ಕೆಲವು ಜಾತಿಗಳು ನಮ್ಮ ಪಶ್ಚಿಮಘಟ್ಟದ ಹೊಳೆಗಳಲ್ಲೇ ಇವೆ. ನೆಟ್ಟ ಹತ್ತು ದಿನಕ್ಕೆ ಅದರ ಎಲೆಗಳೆಲ್ಲ ಕರಗಿ ಲೋಳೆಯಾದವು. ಕಿತ್ತೆಸೆಯಲು ಹೊರಟವನನ್ನು ಗೆಳೆಯ ತಡೆದ. ಜಾಗ ಬದಲಾದರೆ ಅದು ಹಾಗೇ, ಎಲೆ ಬಿಟ್ಟುಕೊಟ್ಟು ಬೇರಿನಲ್ಲಿ ಜೀವ ಹಿಡಿದುಕೊಂಡಿರುತ್ತದೆ, ಸುಮ್ಮನಿರು ಎಂದ. ವರ್ಗಾವಣೆಯಾದ ಗುಮಾಸ್ತನಂತೆ ಮೂರು ವಾರ ಮುನಿಸಿಕೊಂಡಿದ್ದು ಆಮೇಲೆ ಚಿಗುರಿತು. ಮೇಲೆ ತೇಲಲು ಇರಲಿ ಎಂದು 'ವಾಟರ್ ಲೆಟಿಸ್' ಎಂಬುದನ್ನು ಅರವತ್ತು ರೂಪಾಯಿ ಕೊಟ್ಟು ತಂದೆ. ಅಮ್ಮ ಕನ್ನಡಕ ಏರಿಸಿ ನೋಡಿ, "ಇದು ಅಂತರಗಂಗೆ ಅಲ್ಲವನಾ! ಇದಕ್ಕೆ ದುಡ್ಡು ಕೊಟ್ಯಾ?" ಎಂದು ಎರಡು ದಿನ ಫೋನಿನಲ್ಲಿ ಎಲ್ಲರಿಗೂ ಹೇಳಿದಳು. ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಕೊಡೋಣ ಎಂದು ಸಕ್ಕರೆ, ಯೀಸ್ಟ್, ನೀರು ಬೆರೆಸಿದ ಬಾಟಲಿಯೊಂದನ್ನೂ ಟ್ಯಾಂಕಿನ ಹಿಂದೆ ಇಟ್ಟಿದ್ದೆ. ನಾಲ್ಕನೆಯ ದಿನ ಮನೆಯೆಲ್ಲ ಹುಳಿಹೆಂಡದ ವಾಸನೆ. ಆ ಪ್ರಯೋಗ ಅಲ್ಲಿಗೆ ನಿಂತಿತು.

ಈಗ ಬಂತು ವಿಚಿತ್ರ. ಮೀನು ಬಿಡುವ ಮೊದಲು ಬ್ಯಾಕ್ಟೀರಿಯಾಕ್ಕೆ ಆಹಾರ ಬೇಕಲ್ಲ? ಅದಕ್ಕಾಗಿ ದಿನಾ ಒಂದು ಚಿಟಿಕೆ ಮೀನಿನ ಊಟವನ್ನು ಖಾಲಿ ಟ್ಯಾಂಕಿಗೆ ಹಾಕಿ ಕೊಳೆಯಲು ಬಿಡಬೇಕು. ಮೀನಿದ್ದಾಗ ಹಾಕಬೇಡಿ ಎನ್ನುವ ಶಾಸ್ತ್ರ, ಮೀನಿಲ್ಲದಾಗ ಹಾಕಿ ಎನ್ನುತ್ತದೆ. ಬೆಳಿಗ್ಗೆ ಬೆಳಿಗ್ಗೆ ಸ್ನಾನ ಮಾಡಿ ಬಂದು ಖಾಲಿ ನೀರಿಗೆ ಅಗುಳು ಬಿಡುತ್ತಿದ್ದ ನನ್ನನ್ನು ಕಂಡು ಅಮ್ಮ ಮೆಲ್ಲಗೆ ಕೇಳಿದಳು: "ಸತ್ತವಕ್ಕೆ ತಿಥಿಯೇನಾ?"

ಪ್ರತಿದಿನ ಪರೀಕ್ಷೆ. ಸಣ್ಣ ಪ್ರನಾಳದಲ್ಲಿ ಐದು ಎಂಎಲ್ ನೀರು, ಅದಕ್ಕೆ ಹನಿ ಲೆಕ್ಕದ ದ್ರಾವಣ. ಅಮೋನಿಯಾ ಇದ್ದರೆ ಹಸಿರು, ಇಲ್ಲದಿದ್ದರೆ ಹಳದಿ. ಹೆಪ್ಪು ಚೆನ್ನಾಗಿದ್ದುದರಿಂದಲೋ, ಗಿಡಗಳು ಹೀರಿದ್ದರಿಂದಲೋ, ಇಪ್ಪತ್ತೆರಡನೆಯ ದಿನ ಪ್ರನಾಳ ಹಳದಿಯಾಗಿ ನಿಂತಿತು. ಮರುದಿನವೂ ಹಳದಿ. ಮೊಸರು ಹೆಪ್ಪಾಗಿತ್ತು.

ಅದೇ ವಾರದ ಒಂದು ಮಧ್ಯಾಹ್ನ ನಾನು ಕಂಡದ್ದನ್ನು ಹೇಳಲೇಬೇಕು. ರಜೆಯ ದಿನ, ಎರಡು ಗಂಟೆ ಇರಬಹುದು. ಟ್ಯಾಂಕಿನ ದೀಪ ಹತ್ತಿ ನಾಲ್ಕು ತಾಸಾಗಿತ್ತು. ಖಾಲಿ ಟ್ಯಾಂಕಿನ ಮುಂದೆ ಮಣೆ ಹಾಕಿ ಕೂತಿದ್ದೆ. ವ್ಯಾಲಿಸ್ನೇರಿಯಾದ ಎಲೆಯ ಅಂಚಿನುದ್ದಕ್ಕೂ ಸಾಸಿವೆಗಿಂತ ಸಣ್ಣ ಮಣಿಗಳು ಕೂತಿದ್ದವು. ನೋಡುತ್ತಿದ್ದಂತೆ ಒಂದು ಮಣಿ ದಪ್ಪಗಾಗಿ, ಅಲುಗಿ, ಎಲೆ ಬಿಟ್ಟು ಮೇಲೇರಿತು. ಹಿಂದಿನ ದಿನ ಕತ್ತರಿ ತಾಗಿದ ಒಂದು ಎಲೆಯ ತುದಿಯಿಂದ ಮಾತ್ರ ಗುಳ್ಳೆಗಳು ಸರ ಬಿಚ್ಚಿದಂತೆ, ಒಂದರ ಹಿಂದೊಂದು, ಎಡೆಬಿಡದೆ ಏರುತ್ತಿದ್ದವು. ನೀರು ಇನ್ನು ಹಿಡಿಸಲಾರೆ ಎನ್ನುವಷ್ಟು ಆಮ್ಲಜನಕ ತುಂಬಿಕೊಂಡಾಗ ಹೀಗೆ ಕಣ್ಣಿಗೆ ಕಾಣುತ್ತದೆ. ಹೈಸ್ಕೂಲಿನಲ್ಲಿ ನಾವೆಲ್ಲ ಬರೆದ ಚಿತ್ರ ಇದು: ಬೀಕರಿನಲ್ಲಿ ಹೈಡ್ರಿಲ್ಲಾ, ಮೇಲೆ ಬೋರಲು ಹಾಕಿದ ಆಲಿಕೆ, ಅದರ ಮೇಲೆ ತಲೆಕೆಳಗಾದ ಪ್ರನಾಳ. ಗುಳ್ಳೆಗಳಿಗೆ ಸೊನ್ನೆ ಸುತ್ತಿ, ಬಾಣ ಎಳೆದು, ಐದು ಅಂಕ ತೆಗೆದುಕೊಂಡಿದ್ದೆ. ಗುಳ್ಳೆ ನಿಜವಾಗಿ ಹೊರಟದ್ದನ್ನು ನೋಡಿದ್ದು ಮಾತ್ರ ಐವತ್ತು ದಾಟಿದ ಮೇಲೆ.

ಗಿಡಕ್ಕೂ ಮೀನಿಗೂ ನಡುವಿನ ಸಮತೂಕವನ್ನು ಮೊದಲು ಗಾಜಿನೊಳಗೆ ಕಟ್ಟಿ ತೋರಿಸಿದವರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಒಬ್ಬ. ವೃತ್ತಿಯಲ್ಲಿ ರಸಾಯನಶಾಸ್ತ್ರಜ್ಞ. 1850ರಲ್ಲಿ ತನ್ನ ಪ್ರಯೋಗವನ್ನು ಕೆಮಿಕಲ್ ಸೊಸೈಟಿಯ ಮುಂದಿಟ್ಟ. ಎರಡು ಗೋಲ್ಡ್ ಫಿಶ್, ಇದೇ ವ್ಯಾಲಿಸ್ನೇರಿಯಾ. ಗಿಡ ಮೀನಿಗೆ ಆಮ್ಲಜನಕ ಕೊಟ್ಟಿತು. ಆದರೆ ಉದುರಿದ ಎಲೆ ಕೊಳೆತು ನೀರು ಕದಡಿತು. ಅವನು ನೀರನ್ನು ಚೆಲ್ಲಲಿಲ್ಲ, ಮದ್ದು ಹಾಕಲಿಲ್ಲ. ನಾಲ್ಕಾರು ಕೊಳದ ಬಸವನಹುಳುಗಳನ್ನು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. ನನ್ನ ಟ್ಯಾಂಕಿಗೆ ಬಸವನಹುಳುಗಳನ್ನು ನಾನು ತರಲಿಲ್ಲ. ಗಿಡದ ಬುಡಕ್ಕೆ ಅಂಟಿಕೊಂಡು ಕರೆಯದೆ ಬಂದವು. ಮೊದಮೊದಲು ಹೆಕ್ಕಿ ಎಸೆಯುತ್ತಿದ್ದೆ. ವಾರಿಂಗ್ಟನ್ನನ ಕಥೆ ತಿಳಿದ ಮೇಲೆ ಅವಕ್ಕೂ ಬಾಡಿಗೆ ಚೀಟಿ ಬರೆದುಕೊಟ್ಟೆ.

ಬಾಡಿಗೆ ಎಂದೆನಲ್ಲ, ಹಲವು ಜಾತಿಯ ಮೀನುಗಳು ಕೂಡಿ ಬಾಳುವ ಅಕ್ವೇರಿಯಂಗೆ ಕನ್ನಡದಲ್ಲಿ ಒಂದೇ ಹೆಸರು ಒಪ್ಪುತ್ತದೆ: ವಠಾರ. ವಠಾರದಲ್ಲಿ ಬೆಳೆದವರಿಗೆ ಗೊತ್ತು, ಅಲ್ಲಿ ಮುಖ್ಯ ಯಾರು ಚೆಂದ ಎಂಬುದಲ್ಲ, ಯಾರು ಎಷ್ಟು ಹೊತ್ತಿಗೆ ನಲ್ಲಿಯ ಹತ್ತಿರ ಇರುತ್ತಾರೆ ಎಂಬುದು. ಇಲ್ಲೂ ಹಾಗೇ. ಮೇಲಿನ ನೀರಿನಲ್ಲಿ ಓಡಾಡುವವರು, ನಡುನೀರಿನವರು, ತಳದಲ್ಲಿ ಮರಳು ಕೆದಕುವವರು ಎಂದು ಮೂರು ಮಹಡಿಗೆ ಮೂರು ಬಗೆ ಆರಿಸಿದರೆ ಜಗಳ ಕಮ್ಮಿ. ಟೈಗರ್ ಬಾರ್ಬ್ ಬಲು ಚೆಂದ, ಆದರೆ ಉದ್ದ ರೆಕ್ಕೆಯವರನ್ನು ಕಂಡರೆ ಕಚ್ಚದೆ ಬಿಡುವುದಿಲ್ಲ. ಏಂಜಲ್ ಹೆಸರಿಗೆ ದೇವತೆ, ಬೆಳೆದ ಮೇಲೆ ನಿಯಾನ್‌ನಂಥ ಪುಟ್ಟ ಮೀನನ್ನು ನುಂಗುತ್ತದೆ. ಫೈಟರಂತೂ ಇನ್ನೊಬ್ಬ ಫೈಟರ್ ಇರುವ ಮನೆಗೆ ಬರಲೇಬಾರದು.

ಮೇಲಿನ ಮಹಡಿಗೆ ಮೊದಲು ಬಂದವರು ಎಂಟು ಜೀಬ್ರಾ ಮೀನು, ಅವರ ಹಿಂದೆ ಮೂರು ಹನಿ ಗೌರಾಮಿ. ಎರಡೂ ಉತ್ತರದ ನೀರಿನವು, ಎರಡಕ್ಕೂ 1822ರಲ್ಲಿ ಶಾಸ್ತ್ರೀಯ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. ಹೌದು, ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆಯ ಊರೂರು ತಿರುಗಿ ಯಾವ ಹೊಲದಲ್ಲಿ ಏನು ಬೆಳೆಯುತ್ತಾರೆ ಎಂದು ಬರೆದುಕೊಂಡ ಅದೇ ಬುಕಾನನ್. ಆಮೇಲೆ ಗಂಗೆಯ ಮೀನುಗಳ ಬೆನ್ನು ಹತ್ತಿ ಪುಸ್ತಕ ಬರೆದ. ಆ ಪುಸ್ತಕದ ಮೀನುಗಳ ಚಿತ್ರ ಬರೆದವನು ಹಲುದಾರ್ ಎಂಬ ಬಂಗಾಳಿ ಹುಡುಗ. ನಮ್ಮ ಪಶ್ಚಿಮಘಟ್ಟದ ಹೊಳೆಗಳ ಮೆಲನ್ ಬಾರ್ಬಿನ ಕುಲಕ್ಕೆ 2013ರಲ್ಲಿ 'ಹಲುದಾರಿಯಾ' ಎಂದು ಅವನ ಹೆಸರಿಟ್ಟರು. ಸಾಹೇಬನ ಹೆಸರು ಪುಸ್ತಕದ ಮೇಲೆ, ಚಿತ್ರಗಾರನ ಹೆಸರು ಮೀನಿನ ಮೇಲೆ. ಯಾವುದು ಹೆಚ್ಚು ದಿನ ಬಾಳುತ್ತದೆ ಎಂದು ನೋಡಬೇಕು. ಜೀಬ್ರಾ ಮೀನಂತೂ ಈಗ ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಇದೆ. ಮನುಷ್ಯನ ಜೀನುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟಕ್ಕೆ ಜೋಡಿ ಅದರಲ್ಲಿ ಸಿಗುತ್ತದಂತೆ. ಊಟದ ಡಬ್ಬಿಯ ಸದ್ದು ಕೇಳಿದೊಡನೆ ಅದು ಗಾಜಿಗೆ ಮೂಗು ಒತ್ತುವ ರೀತಿ ಕಂಡರೆ ನನಗೆ ಆ ಲೆಕ್ಕದಲ್ಲಿ ಅನುಮಾನವೇ ಇಲ್ಲ.

ನಡುವಿನ ಮಹಡಿಗೆ ಅಮೆಜಾನ್ ಕಡೆಯ ಹನ್ನೆರಡು ನಿಯಾನ್ ಟೆಟ್ರಾ, ತಳಕ್ಕೆ ಅದೇ ಸೀಮೆಯ ಆರು ಕೊರಿಡೋರಾಸ್. ಇವು ಗುಂಪಿನ ಪ್ರಾಣಿಗಳು. ಎರಡು ತಂದರೆ ಮೂಲೆ ಸೇರಿ ಬಣ್ಣ ಬಿಡುತ್ತವೆ. ಆರಕ್ಕೆ ಕಮ್ಮಿ ತರಬಾರದು. ಎಲ್ಲರನ್ನೂ ಒಂದೇ ದಿನ ತರಲೂಬಾರದು. ಬ್ಯಾಕ್ಟೀರಿಯಾ ಹೆಚ್ಚಿಕೊಳ್ಳಲು ಪುರುಸೊತ್ತು ಕೊಟ್ಟು ಎರಡೆರಡು ವಾರಕ್ಕೊಂದು ಸಂಸಾರ ಬಂದರೆ ಚೆನ್ನ. ಚೀಲವನ್ನು ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಬಿಟ್ಟು, ಒಳಗಿನ ಹೊರಗಿನ ಬಿಸಿ ಒಂದಾದ ಮೇಲೆ ಮೀನು ಬಿಡಬೇಕು. ಅಂಗಡಿಯಲ್ಲಿ ನನ್ನ ಕಣ್ಣು ಇನ್ನೊಂದರ ಮೇಲೂ ಬಿದ್ದಿತ್ತು: ಮಿಸ್ ಕೇರಳ. ಮೈಯುದ್ದಕ್ಕೂ ಕಪ್ಪು ಪಟ್ಟಿ, ಮೇಲೆ ಕುಂಕುಮದ ಗೆರೆ. ಹೆಸರು ಕೇರಳದ್ದಾದರೂ ನಮ್ಮ ಕರ್ನಾಟಕದ ಘಟ್ಟದ ಹೊಳೆಗಳಲ್ಲೂ ಇರುವ ಮೀನು. ಈ ಎರಡು ಸೀಮೆ ಬಿಟ್ಟರೆ ಕಾಡಿನಲ್ಲಿ ಇನ್ನೆಲ್ಲೂ ಇಲ್ಲ. ಅಕ್ವೇರಿಯಂಗಳಿಗೆಂದು ಹಿಡಿದು ಹಿಡಿದು ಅಳಿವಿನಂಚಿನ ಪಟ್ಟಿಗೆ ಸೇರಿದೆ. ಹೊಳೆಯಲ್ಲಿ ಹಿಡಿದದ್ದೋ, ಸಾಕಿ ಮರಿಮಾಡಿದ್ದೋ ಎಂದು ಅಂಗಡಿಯಲ್ಲಿ ಕೇಳಿದೆ. 'ಫಾರಿನ್ ಪೀಸು ಸರ್' ಎಂದರು. ಬಿಟ್ಟು ಬಂದೆ.

ಆರು ತಿಂಗಳು ವಠಾರ ಸುಖವಾಗಿತ್ತು. ಅಷ್ಟರಲ್ಲಿ ತಂಗಿಯ ಮಗನ ಮದುವೆ ಬಂತು. ನಮ್ಮ ಮನೆಯಲ್ಲಿ ಐದು ದಿನ ಇಪ್ಪತ್ತು ಜನ. ಬಂದವರೆಲ್ಲ ಮೊದಲು ಟ್ಯಾಂಕಿನ ಮುಂದೆ ನಿಲ್ಲುತ್ತಿದ್ದರು. ಮೀನುಗಳು ಮುಂದೆ ಬಂದು ಕುಣಿಯುತ್ತಿದ್ದವು. 'ಅಯ್ಯೋ, ಪಾಪ, ಹಸಿದಿದ್ದಾವೆ, ಊಟ ಹಾಕಿದ್ದೀರೋ ಇಲ್ಲವೋ' ಎಂದು ಡಬ್ಬಿ ತೆರೆಯುತ್ತಿದ್ದರು. ಅವರು ಆಚೆ ಹೋದೊಡನೆ ಇನ್ನೊಬ್ಬರು. ಒಬ್ಬರು ಚಿಕ್ಕಪ್ಪ ಉಳಿದ ಬೂಂದಿಕಾಳನ್ನೂ ಬಿಟ್ಟಿದ್ದರೆಂದು ಆಮೇಲೆ ಬಾಯಿಬಿಟ್ಟರು. ನಾಲ್ಕನೆಯ ದಿನ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ಛತ್ರದಿಂದ ರಾತ್ರಿ ಬಂದು ಪರೀಕ್ಷೆ ಮಾಡಿದರೆ ಪ್ರನಾಳ ಕಡುಹಸಿರು. ರೇಷ್ಮೆ ಪಂಚೆಯಲ್ಲೇ ಕೂತು, ಪೈಪು ಬಾಯಿಗಿಟ್ಟು ಎಳೆದು, ಅರ್ಧ ಟ್ಯಾಂಕು ನೀರು ತೆಗೆದು, ಡ್ರಮ್ಮಿನ ನೀರು ತುಂಬಿಸಿದೆ. ಬೆಳಗಿನ ಜಾವದ ಹೊತ್ತಿಗೆ ಒಂದು ಹನಿ ಗೌರಾಮಿ, ಮೂರು ನಿಯಾನ್ ಹೋಗಿದ್ದವು. ಅಷ್ಟಕ್ಕೇ ನಿಂತಿತು, ಗಿಡಗಳಿದ್ದವು ಅಂತ.

ಆ ರಾತ್ರಿ ಬಕೆಟ್ಟಿನ ಪಕ್ಕ ಕೂತಾಗ ನನಗೆ ನೆನಪಾದದ್ದು ಹಲಸೂರು ಕೆರೆ. 2016ರ ಮಾರ್ಚಿನಲ್ಲಿ ಅಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು, ಕೆರೆಗೇ ಬೆಂಕಿ ಬಿದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಕೆರೆಗಳು ಬಡತನದಿಂದ ಸಾಯುತ್ತಿಲ್ಲ. ಊರಿನ ಕೊಳೆ, ಸಾಬೂನು, ಎಂಜಲು ಎಲ್ಲ ಉಂಡು ಉಂಡು ಸಾಯುತ್ತಿವೆ. ಆ ಊಟಕ್ಕೆ ಮೇಲೆ ಕಳೆ ಹಬ್ಬುತ್ತದೆ, ಕೆಳಗೆ ಕೊಳೆತದ್ದೆಲ್ಲ ನೀರಿನ ಆಮ್ಲಜನಕವನ್ನು ಹೀರುತ್ತದೆ. ನನ್ನ ಟ್ಯಾಂಕಿನಲ್ಲಿ ನೆಂಟರು ಐದು ದಿನದಲ್ಲಿ ಮಾಡಿದ್ದನ್ನು ನಾವು ಕೆರೆಗಳಿಗೆ ವರ್ಷಗಟ್ಟಲೆ ಮಾಡಿದ್ದೇವೆ. ಹರಿಯದ ನೀರಿಗೆ ಹಾಕಿದ್ದು ಎಲ್ಲಿಗೂ ಹೋಗುವುದಿಲ್ಲ.

ಮದುವೆಯ ಗಲಾಟೆ ಮುಗಿದ ಮೇಲೆ ಅಮ್ಮನ ಮುಂದೆ ಸಮಸ್ಯೆ ಇಟ್ಟೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು, ಅದೂ ದಿನಕ್ಕೊಮ್ಮೆ, ವಾರಕ್ಕೊಂದು ದಿನ ಉಪವಾಸವೂ ಒಳ್ಳೆಯದೇ ಎನ್ನುತ್ತಾರೆ ಎಂದು ವಿವರಿಸಿದೆ. ಮೀನಿನ ಹೊಟ್ಟೆ ಅದರ ಕಣ್ಣಿನಷ್ಟೇ ಎಂದು ಸಾಕುವವರು ಹೇಳುವುದನ್ನೂ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದ್ರೆ ದಿನಾ ಒಪ್ಪತ್ತು ಮಾಡಿಸು. ಶನಿವಾರ ನಿರಾಹಾರ. ಏಕಾದಶಿ ದಿನವೂ ಬೇಡ" ಎಂದು ತೀರ್ಪು ಕೊಟ್ಟಳು. ಹಸಿವಿನ ಮಾತಾಗಿದ್ದರೆ ಅಮ್ಮ ಒಪ್ಪುತ್ತಿರಲಿಲ್ಲ, ವ್ರತದ ಮಾತಾದ್ದರಿಂದ ಒಪ್ಪಿದಳು. ಡಬ್ಬಿ ಈಗ ಅವಳ ಸುಪರ್ದಿನಲ್ಲಿದೆ. ಪಂಚಾಂಗ ನೋಡಿ ಮೀನಿಗೆ ಊಟ ಹಾಕುವ ಮನೆ ಬೆಂಗಳೂರಿನಲ್ಲಿ ನಮ್ಮದೊಂದೇ ಇರಬಹುದು.

ಭಾನುವಾರ ಬೆಳಿಗ್ಗೆ ಎರಡು ಬಕೆಟ್ ಹಳೆಯ ನೀರು ತೆಗೆದು ಎರಡು ಬಕೆಟ್ ಹೊಸ ನೀರು ಹಾಕುತ್ತೇನೆ. ತಿಂಗಳಿಗೊಮ್ಮೆ ಸ್ಪಂಜನ್ನು ಆ ಹಳೆಯ ನೀರಿನಲ್ಲೇ ಅದ್ದಿ ಹಿಂಡುತ್ತೇನೆ. ನಲ್ಲಿಯ ಕೆಳಗೆ ತಿಕ್ಕಿ ತೊಳೆದರೆ ಹೆಪ್ಪಿನ ಬಟ್ಟಲನ್ನೇ ತೊಳೆದಿಟ್ಟಂತೆ. ತೆಗೆದ ನೀರು ಕರಿಬೇವಿನ ಕುಂಡಕ್ಕೆ. ಮೀನು ಉಂಡದ್ದು ನೈಟ್ರೇಟಾಗಿ, ನೈಟ್ರೇಟು ಎಲೆಯಾಗಿ, ಎಲೆ ಒಗ್ಗರಣೆಯಾಗಿ ನಮ್ಮ ಸಾರಿಗೆ ಬರುತ್ತದೆ. ನಮ್ಮ ಕರಿಬೇವು ಬೀದಿಗೆಲ್ಲ ಹಂಚುವಷ್ಟಾಗಿದೆ.

ಉಳಿದವರಿಗಾಗಿ ಹೆಂಡತಿ ಒಂದು ಉಪಾಯ ಮಾಡಿದಳು. ಮದುವೆ ಕಾರ್ಡಿನ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆದು ಟ್ಯಾಂಕಿನ ಮೇಲೆ ಅಂಟಿಸಿದ್ದಾಳೆ. ನೀವು ನಮ್ಮ ಮನೆಗೆ ಬನ್ನಿ. ಕಾಫಿ ಇದೆ, ತಿಂಡಿ ಇದೆ, ಬೇಡವೆಂದರೂ ಅಮ್ಮ ಬಿಡುವುದಿಲ್ಲ. ಟ್ಯಾಂಕಿನ ಮುಂದೆ ಮಣೆಯೂ ಇದೆ, ಎಷ್ಟು ಹೊತ್ತು ಬೇಕಾದರೂ ಕೂತು ನೋಡಿ. ಜೀಬ್ರಾಗಳು ಗಾಜಿಗೆ ಮೂಗು ಒತ್ತಿ ಎಂಟು ದಿನದಿಂದ ಏನೂ ತಿಂದಿಲ್ಲವೆಂಬಂತೆ ನೋಡುತ್ತವೆ. ನಂಬಬೇಡಿ. ಮೇಲಿನ ಚೀಟಿ ಓದಿ:

'ಮೀನುಗಳಿಗೆ ಊಟ ಆಗಿದೆ.'